ಒದ್ದೆ ಲಾಡಿ

ಪೋರ್ಟ್ ಪಿರಿಯಲ್ಲಿ ಜನವರಿಯೆಂದರೆ
ಬಡಗಣ ಗಾಳಿ.
ಬಾಗಿಲು ತೆರೆದರೆ ಒಲೆಯ ಬಾಯಿ,
ಬೇಲಿಯ ತಗಡು ಮುಟ್ಟಿದರೆ ಚುರ್.
ಸೀಸದ ಕಾರ್ಖಾನೆಯ ಉದ್ದ ಚಿಮಣಿ ಕೂಡ
ಬಿಸಿಲಿಗೆ ಸ್ವಲ್ಪ ಬಳುಕುತ್ತದೆ.

ಇಂಥ ಊರಿನಲ್ಲಿ ನಮ್ಮಣ್ಣ ಕ್ಲೆಮ್
ಮೋಡ ಸಾಕಿಕೊಂಡಿದ್ದ.
ಹಿತ್ತಿಲಲ್ಲಿ, ಹನ್ನೆರಡಡಿಗೆ ಎಂಟಡಿ, ಗಾಜಿನ ಮನೆ.
ರೈಲ್ವೆಯಲ್ಲಿ ಮೂವತ್ತೊಂದು ವರ್ಷ ಸಿಗ್ನಲ್ ಎಳೆದವನು,
ಎದುರಿನ ಕಡಲಿಗೂ ಕಾಲು ಅದ್ದದವನು,
ಎಕ್ವಡಾರಿನ ಬೆಟ್ಟ ಕಂಡವನೇನಲ್ಲ.
ಅಲ್ಲಿಯ ಮಂಜಿನಲ್ಲಿ ಮರಕ್ಕಂಟಿ ಬೆಳೆಯುವ ಆರ್ಕಿಡ್‌ಗಳನ್ನು
ಅಂಚೆಯಲ್ಲಿ ತರಿಸಿ ಇಲ್ಲಿ ನೇತುಹಾಕಿದ.
ನನಗೆ ಅವು ಸೇರುತ್ತಿರಲಿಲ್ಲ.
ಉಯಿಲಿನಲ್ಲಿ ನನ್ನ ಹೆಸರಿಗೇ ಬರೆದ.

ಜೊತೆಗೊಂದು ನೋಟ್‌ಬುಕ್ಕು, ತುಂಬ ಅಪ್ಪಣೆ:
ನಲ್ಲಿ ನೀರು ಕೂಡದು, ಉಪ್ಪು. ತೊಟ್ಟಿಯ ಮಳೆನೀರೇ ಆಗಬೇಕು.
ಬೇಸಗೆಗೆ ಮೊದಲು ಗಾಜಿಗೆ ಸುಣ್ಣ, ಮೇಲೆ ಹಸಿರು ಬಲೆ,
ಬಲೆಗೂ ಗಾಜಿಗೂ ನಡುವೆ ಗೇಣು ಬಿಡು, ಗಾಳಿ ಓಡಾಡಲಿ.
ಉರಿಬಿಸಿಲಲ್ಲಿ ಎಲೆಗೆ ಎರೆಯಬೇಡ, ನೆಲಕ್ಕೆ ಎರೆ.
ನೆಲ ಕುಡಿಯಲಿ, ನೆಲ ಉಸಿರು ಬಿಡಲಿ.

ಒಳಗೆ ಎರಡು ತಾಪಮಾಪಕ, ಅಕ್ಕಪಕ್ಕ.
ಒಂದು ಒಣ. ಇನ್ನೊಂದರ ಬುಡಕ್ಕೆ
ಅವನ ಕ್ರಿಕೆಟ್ ಬೂಟಿನ ಬಿಳಿ ಲಾಡಿ ಸುತ್ತಿ,
ಲಾಡಿಯ ತುದಿ ಜಾಮ್ ಶೀಶೆಯ ನೀರಿನಲ್ಲಿ.
ಹೊರಗಿಟ್ಟು ನೋಡು, ಒಣದ್ದು ನಲವತ್ತೈದು ಅಂದಾಗಲೂ
ಒದ್ದೆಯದು ಇಪ್ಪತ್ತೆರಡು ಅನ್ನುತ್ತದೆ.
ಅಷ್ಟು ತಂಪು ಇದೇ ಗಾಳಿಯೊಳಗಿದೆ,
ಕೇಳಿ ಪಡೆಯಬೇಕು,
ಎಂದು ಬರೆದಿದ್ದಾನೆ, ಎರಡು ಸಲ ಗೆರೆ ಎಳೆದು.
ಮನುಷ್ಯರ ಹತ್ತಿರ ಏನನ್ನೂ ಕೇಳದವನು.

ಕೇಳುವುದೆಂದರೆ ಒಂದು ಫ್ಯಾನು,
ಸದಾ ತೊಯ್ಯುತ್ತಿರುವ ಮರದ ಹೊಟ್ಟಿನ ತಡಿಕೆ,
ನೀರೆತ್ತಲು ಪುಟ್ಟ ಪಂಪು.
ಅದರ ಗೊಣಗು ನಿಂತರೆ
ನಿದ್ದೆಯಲ್ಲೂ ಎಚ್ಚರವಾಗುತ್ತದೆ ನನಗೀಗ.

ಮೊನ್ನೆ ಮಂಗಳವಾರ ನಿಂತಿತು, ಮಟಮಟ ಮಧ್ಯಾಹ್ನ.
ನಲವತ್ತಾರು. ಇಡೀ ಬೀದಿಗೆ ಕರೆಂಟಿಲ್ಲ.
ಹಾಸಿಗೆಯ ಚಾದರ, ಟವೆಲು, ಕೊನೆಗೆ ನನ್ನ ನೈಟಿಯನ್ನೂ
ನೀರಿಗದ್ದಿ ಹಗ್ಗಕ್ಕೆ ಹಾಕಿದೆ. ಕಣ್ಣೆದುರೇ ಒಣಗಿದವು.
ಪಕ್ಕದ ಮನೆಯ ಕೊರ್ರಾಡಾ
ಬೇಲಿಯಾಚೆಯಿಂದ ಇದನ್ನೆಲ್ಲ ನೋಡಿ
ಒಂದು ಮಾತೂ ಆಡದೆ ಮಾಯವಾದಳು.
ಬಂದಾಗ ಕೈಗಾಡಿಯಲ್ಲಿ ಮಗನ ದೋಣಿಯ ಪೆಟ್ಟಿಗೆ,
ತುಂಬ ಐಸು, ನಡುನಡುವೆ ಸೀಗಡಿ ಮೀಸೆ.
ಇಟ್ಟಿಗೆಯ ನೆಲಕ್ಕೆ ಸುರಿದೆವು.
ಎಕ್ವಡಾರಿನ ಮೋಡಕ್ಕೆ ಸೀಗಡಿಯ ವಾಸನೆ ಹತ್ತಿತು.
“ನಿಮ್ಮಣ್ಣ ಕಂಡಿದ್ದರೆ?” ಅಂದಳು.
“ಬರೆದಿಡುತ್ತಿದ್ದ” ಅಂದೆ.

ಅವಳು ಹೋದಮೇಲೆ ಮಂಡಿ ಸೋತು
ಐಸಿನ ನಡುವೆಯೇ ಕೂತೆ, ಸ್ಕರ್ಟು ತೊಯ್ದರೆ ತೊಯ್ಯಲಿ.
ತಲೆ ಹಿಂದಕ್ಕೊರಗಿಸಿ ಮೇಲೆ ನೋಡಿದರೆ,
ಮೂರು ವರ್ಷದಿಂದ ಬಂಜೆಯೆಂದು
ನಾನು ಬೈದುಕೊಂಡು ಬಂದ ಬುಟ್ಟಿ.
ತಳದ ಕಡ್ಡಿಗಳ ಸಂದಿಯಿಂದ
ಕೆಳಮುಖವಾಗಿ ಇಳಿದ ಒಂದು ಹೂವು:
ಮಂಗನ ಮರಿಯ ಮೋರೆ, ಮೂರು ಬಾಲ,
ಯಾರೋ ಹೆಸರು ಹಿಡಿದು ಕರೆದಂತೆ ಬೆಚ್ಚಿದ ಕಣ್ಣು.
ಪಕ್ಕದಲ್ಲಿ ಹಳೆಯ ಹೂಗಳ ಒಣ ತೊಟ್ಟು, ಏಳೆಂಟು.
ವರ್ಷವರ್ಷವೂ ಬಿಟ್ಟಿದೆ.
ನಿಂತೇ ನೀರೆರೆದವಳಿಗೆ ಕಂಡಿರಲಿಲ್ಲ.
ಮೂಲೆಯಲ್ಲಿ ಮಗುಚಿಟ್ಟ ಹಾಲಿನ ಕ್ರೇಟು,
ಇಷ್ಟು ಗಿಡ್ಡ ಯಾಕೆಂದು ಎಸೆಯಲು ಹೊರಟಿದ್ದೆ.

ಐದೂವರೆಗೆ ಪಂಪು ಗೊಣಗಿತು.
ಬಾಡಿದ್ದು ಹನ್ನೊಂದು. ಸತ್ತದ್ದೆಷ್ಟೋ,
ಇವು ಕೂಡಲೇ ಹೇಳುವುದಿಲ್ಲ, ವಾರ ಕಾಯಿಸುತ್ತವೆ.
ಒಣದ್ದು ಬರೆದೆ, ಒದ್ದೆಯದು ಬರೆದೆ.
ಅವನು ಎಂದೂ ತುಂಬದ ಷರಾ ಅಂಕಣದಲ್ಲಿ
‘ಸೀಗಡಿ ಐಸು’ ಎಂದು ಬರೆದೆ.
ಶೀಶೆಗೆ ನೀರು ತುಂಬಿದೆ.
ಲಾಡಿ ಹಳದಿಗಟ್ಟಿದೆ, ಬದಲಿಸಬೇಕು.
ಇನ್ನೊಂದು ಬೂಟು ಎಲ್ಲಿಟ್ಟಿದ್ದಾನೋ.